ಹನ್ನೆರಡರೊಳಗಿನ ಮಕ್ಕಳಿಗೆ ಟೆಕ್ ಸೂಟ್ ಬೇಡ: ಈಜು ಮೀಟ್ ನಡೆಸೋರಿಗೊಂದು ಬಹಿರಂಗ ಪತ್ರ

ಸ್ಟೇಟ್ ಮೀಟು, ಡಿಸ್ಟ್ರಿಕ್ಟ್ ಮೀಟು, ಕ್ಲಬ್ ಮೀಟು ಅಂತ ವರ್ಷಪೂರ್ತಿ ಮಕ್ಕಳ ಈಜು ಸ್ಪರ್ಧೆ ನಡೆಸೋ ಹಿರಿಯರಿಗೆ, ಕೋಚ್ ಸರ್‌ಗಳಿಗೆ, ಮೇಡಂಗಳಿಗೆ, ಗ್ಯಾಲರಿಲಿ ಕೂತು ಗಂಟಲು ಹರ್ಕೊಳ್ಳೋ ಅಪ್ಪ ಅಮ್ಮಂದಿರಿಗೂ ನಮಸ್ಕಾರ.

ಸುತ್ತಿ ಬಳಸಿ ಹೇಳಲ್ಲ. 12 ವರ್ಷ ಮತ್ತು ಅದಕ್ಕಿಂತ ಚಿಕ್ಕ ಮಕ್ಕಳ ರೇಸ್‌ನಲ್ಲಿ ಟೆಕ್ ಸೂಟ್ (ರೇಸ್‌ಗೇ ಅಂತ ಮಾಡೋ ಬಿಗಿ ಈಜುಡುಗೆ) ಹಾಕೋದನ್ನ ನಿಲ್ಲಿಸಿ. ದೊಡ್ಡೋರ ವಿಷಯ ಬೇರೆ, ಅದನ್ನ ನಾನು ಮುಟ್ಟಲ್ಲ. ಚಿಕ್ಕ ಮಕ್ಕಳಿಗೆ ಬೇಡ ಅಂತ ಮೀಟ್ ಸರ್ಕ್ಯುಲರ್‌ನಲ್ಲೇ ಬರೆದುಬಿಡಿ, ಎಂಟ್ರಿ ಕೊಡೋಕ್ ಮುಂಚೇನೇ ಎಲ್ಲರಿಗೂ ಗೊತ್ತಾಗ್ಲಿ.

ನಾನ್ಯಾರು ಅಂತ ಕೇಳೋರಿಗೆ: ನಾನು ಮೈಸೂರಿನವಳು, ಕಾಲೇಜಲ್ಲಿದ್ದಾಗ ಯೂನಿವರ್ಸಿಟಿ ಟೀಮ್‌ಗೆ ಈಜ್ತಿದ್ದೆ, ಮಗನೂ ಒಂದಷ್ಟು ವರ್ಷ ಈಜಿ ಆಮೇಲೆ ಪಿಯುಸಿ, ಸಿಇಟಿ ಕೋಚಿಂಗು ಅಂತ ಬಿಟ್ಟ (ಕರ್ನಾಟಕದಲ್ಲಿ ಅರ್ಧಕ್ಕರ್ಧ ಸ್ವಿಮ್ಮರ್‌ಗಳ ಕಥೆ ಮುಗಿಯೋದೇ ಅಲ್ಲಿ, ಅದು ಇನ್ನೊಂದು ಪತ್ರಕ್ಕಾಗುತ್ತೆ), ನನಗೆ ಮಾತ್ರ ಬಿಡಕ್ಕಾಗ್ಲಿಲ್ಲ, ಮೀಟ್ ಇದ್ದಾಗ ಸ್ಟಾಪ್‌ವಾಚ್ ಹಿಡ್ಕೊಂಡು ಲೇನ್ ತುದೀಲಿ ಟೈಮ್‌ಕೀಪರ್ ಆಗಿ ಕೂರ್ತೀನಿ. ಹೆಂಗಸರು ಕಮ್ಮಿ ಇದ್ದಾಗ ಹೆಣ್ಮಕ್ಕಳ ಚೇಂಜಿಂಗ್ ರೂಮ್ ಕಡೆ ಡ್ಯೂಟಿನೂ ಹಾಕ್ತಾರೆ. ಹಂಗಾಗಿ ಗ್ಯಾಲರಿಲಿ ಕೂತೋರಿಗೆ ಕಾಣ್ದಿರೋದು ಸ್ವಲ್ಪ ನನಗೆ ಕಾಣುತ್ತೆ.

ಗೊತ್ತಿಲ್ದೇ ಇರೋರಿಗೆ ಟೆಕ್ ಸೂಟ್ ಅಂದ್ರೆ ಏನು ಅಂತ ಹೇಳ್ಬಿಡ್ತೀನಿ. ದಿನಾ ಪ್ರಾಕ್ಟೀಸ್‌ಗೆ ಹಾಕೋ ಕಾಸ್ಟ್ಯೂಮ್ ಥರ ಎಳೆದ್ರೆ ಹಿಗ್ಗೋ ಬಟ್ಟೆ ಅಲ್ಲ ಅದು. ಬಿಗಿಯಾಗಿ ನೇಯ್ದ ತೆಳ್ಳನೆ ಬಟ್ಟೆ, ನೀರು ಹೀರಬಾರದು ಅಂತ ಮೇಲೊಂದು ಕೋಟಿಂಗು, ಸೀಮ್‌ನಲ್ಲಿ, ಅಂದ್ರೆ ಬಟ್ಟೆ ತುಂಡುಗಳು ಕೂಡೋ ಜಾಗದಲ್ಲಿ, ದಾರದ ಹೊಲಿಗೆ ಇರಲ್ಲ, ಅಂಟಿಸಿರ್ತಾರೆ ಇಲ್ಲಾ ಟೇಪ್ ಹಾಕಿರ್ತಾರೆ. ಹುಡುಗರಿಗೆ ಸೊಂಟದಿಂದ ಮಂಡಿವರೆಗೆ ಜಾಮರ್, ಹುಡುಗೀರಿಗೆ ಭುಜದಿಂದ ಮಂಡಿವರೆಗೆ ನೀಸ್ಕಿನ್. ಮೈಯನ್ನ ಒತ್ತಿ ಹಿಡ್ಕೊಳ್ಳುತ್ತೆ, ತೊಡೆ ಹೊಟ್ಟೆ ಅಲ್ಲಾಡೋದು ಕಮ್ಮಿಯಾಗುತ್ತೆ, ನೀರಿನ ಎಳೆತ ಕಮ್ಮಿಯಾಗುತ್ತೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ದಟ್ಟ, ಅದಕ್ಕೇ ಈಜಲ್ಲಿ ಜಾಸ್ತಿ ಶಕ್ತಿ ಖರ್ಚಾಗೋದು ಆ ಎಳೆತದ ವಿರುದ್ಧ. ಅಂದ್ಮೇಲೆ ಸೂಟ್‌ಗೆ ಬೆಲೆ ಇದೆ, ಸುಮ್ನೆ ಫ್ಯಾಷನ್ ಅಂತ ನಾನು ಹೇಳ್ತಿಲ್ಲ.

ಆದ್ರೆ ಆ ಬೆಲೆ ಎಷ್ಟು? ಮಕ್ಕಳ ಸೈಜಿಂದು 8-10 ಸಾವಿರದಿಂದ ಶುರು, ಒಳ್ಳೆ ಬ್ರ್ಯಾಂಡಿನ ಮೇಲಿನ ಮಾಡೆಲ್‌ಗೆ ಹೋದ್ರೆ 30-40 ಸಾವಿರ, ಹುಡುಗೀರ ನೀಸ್ಕಿನ್ ಯಾವಾಗ್ಲೂ ಹುಡುಗರ ಜಾಮರ್‌ಗಿಂತ ದುಬಾರಿ. ಸರಿ, ಒಂದ್ಸಲ ಕೊಟ್ರೆ ಮುಗೀತು ಅಂದ್ಕೊಂಡ್ರೆ ಅದೂ ಇಲ್ಲ. ಹತ್ತು ಹನ್ನೆರಡು ರೇಸ್ ಆಗೋಷ್ಟರಲ್ಲಿ ಕೋಟಿಂಗ್ ಹೋಗುತ್ತೆ, ಬಿಗಿ ಹೋಗುತ್ತೆ, ಆಮೇಲೆ ಅದು ಬರೀ ದುಬಾರಿ ಚಡ್ಡಿ. ವಾರ್ಮ್ ಅಪ್‌ಗೆ ಹಾಕಂಗಿಲ್ಲ, ಬಿಸಿಲಲ್ಲಿ ಒಣಗಿಸಂಗಿಲ್ಲ, ಮೆಷಿನ್‌ಗೆ ಹಾಕಂಗಿಲ್ಲ. ಜೊತೆಗೆ ಮಗು ಬೆಳೀತಾ ಇರುತ್ತೆ ಅಲ್ವಾ, ಜೂನ್‌ನಲ್ಲಿ ಹಿಡಿಸಿದ್ದು ಡಿಸೆಂಬರ್‌ಗೆ ತೊಡೆ ಮೇಲೇ ಏರಲ್ಲ. ಆಗ ವಾಟ್ಸಾಪ್ ಗ್ರೂಪಲ್ಲಿ "ಸೈಜ್ 24, ಮೂರೇ ರೇಸ್ ಹಾಕಿರೋದು" ಅಂತ ಫೋಟೋ ಬರುತ್ತೆ, ಅರ್ಧ ರೇಟ್‌ಗೆ ಇನ್ನೊಬ್ರು ತಗೋತಾರೆ, ಆ ಮೂರು ಎಷ್ಟು ಮೂರು ಅಂತ ದೇವರಿಗೇ ಗೊತ್ತು.

ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಆ ದುಡ್ಡು ಇಡೀ ಮನೆಯ ಒಂದು ತಿಂಗಳ ಖರ್ಚು. ಪೂಲ್ ಫೀಸ್ ಕಟ್ಟಿ, ಬೆಳಗಿನ ಜಾವ ಸ್ಕೂಟರಲ್ಲಿ ಕರ್ಕೊಂಡು ಬಂದು, ಮೊಟ್ಟೆ ಹಾಲು ಅಂತ ಡಯಟ್ ನೋಡ್ಕೊಂಡು, ಬೆಂಗಳೂರು ಮೀಟ್‌ಗೆ ರೂಮ್ ಮಾಡಿ, ಇಷ್ಟಕ್ಕೇ ಉಸ್ಸಪ್ಪಾ ಅನ್ನೋ ಜನ ಇದಾರೆ. ಅವರಿಗೆ "ಪಕ್ಕದ ಲೇನ್ ಮಗು ಹಾಕಿದೆ, ನಿಮ್ದಕ್ಕೂ ಒಂದು ಕೊಡ್ಸಿ" ಅಂದ್ರೆ ಏನ್ಮಾಡ್ತಾರೆ, ಕೊಡಿಸ್ತಾರೆ, ಮಕ್ಕಳ ವಿಷಯಕ್ಕೆ ಬಂದಾಗ ಯಾರ್ ತಾನೇ ಇಲ್ಲ ಅಂತಾರೆ. ಗೋಲ್ಡ್ ಲೋನ್ ತಗೊಂಡು ಸೂಟ್ ಕೊಡಿಸಿದೋರು ನನಗೆ ಗೊತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಅಂತ ಆಡ್ಕೊಳ್ಳೋದು ಸುಲಭ. ಆ ಮಲ್ಲಿಗೆ ಇಲ್ದಿದ್ರೆ ಮಗು ಸೋಲುತ್ತೆ ಅಂತ ಅವರ ತಲೇಲಿ ತುಂಬಿದೋರು ನಾವೇ ಅಲ್ವಾ, ಪೂಲ್ ಡೆಕ್ ಮೇಲೆ ಓಡಾಡೋ ದೊಡ್ಡೋರು.

ಚೇಂಜಿಂಗ್ ರೂಮಲ್ಲಿ ನಡೆಯೋದು ಒಂದ್ಸಲ ನೋಡ್ಬೇಕು ನೀವು. ಹತ್ತು ವರ್ಷದ ಹುಡುಗಿ, ಮೈಯಲ್ಲಿ ಒಂದು ಚೂರು ಕೊಬ್ಬಿಲ್ಲ, ಅವಳ ಪಾದಕ್ಕೆ ತರಕಾರಿ ಪ್ಲಾಸ್ಟಿಕ್ ಕವರ್ ಕಟ್ಟಿದಾರೆ, ಸೂಟ್ ಜಾರಿ ಮೇಲೆ ಬರ್ಲಿ ಅಂತ. ಅಮ್ಮ ಒಂದು ಕಡೆ, ಚಿಕ್ಕಮ್ಮ ಇನ್ನೊಂದು ಕಡೆ, ಇಬ್ಬರೂ ಕೈಗೆ ಗ್ಲೌಸ್ ಹಾಕಿ ಇಂಚಿಂಚೇ ಎಳೀತಿದಾರೆ, ಉಗುರು ತಾಗಿದ್ರೆ ಬಟ್ಟೆ ಹರಿಯುತ್ತೆ ಅಂತ ಭಯ. ಮಗು ಗೋಡೆ ಹಿಡ್ಕೊಂಡು ನಿಂತಿದೆ. ಭುಜದ ಪಟ್ಟಿ ಏರಿಸೋಷ್ಟರಲ್ಲಿ ಇಪ್ಪತ್ತು ನಿಮಿಷ, ಮೂವರಿಗೂ ಬೆವರು. ಹೊರಗೆ ಅವಳ ಹೀಟ್ (ರೇಸಿನ ಸುತ್ತು) ಕರೀತಿದಾರೆ. ಅಷ್ಟೊತ್ತಿಗೆ ವಾರ್ಮ್ ಅಪ್ ಮಾಡಿದ್ದ ಮೈ ಆರಿಹೋಗಿದೆ, ಟಾಯ್ಲೆಟ್‌ಗೆ ಹೋಗ್ಬೇಕು ಅಂದ್ರೆ ಬೈಸ್ಕೋತಾಳೆ. ರೇಸ್ ಮುಗಿಸಿ ಬಂದ್ಮೇಲೆ ಭುಜದ ಮೇಲೆ, ಮಂಡಿ ಮೇಲೆ ಕೆಂಪು ಬರೆ. ಒಂದ್ಸಲ ನನ್ನ ಕಣ್ಣೆದುರೇ ಸೊಂಟದ ಹತ್ರ ಸೀಮ್ ಪರ್ ಅಂತು. ಆ ಮಗು ಪ್ರಾಕ್ಟೀಸ್ ಕಾಸ್ಟ್ಯೂಮಲ್ಲಿ ಈಜಲ್ಲ ಅಂತ ಹಠ ಹಿಡ್ದು ಅಳ್ತಾ ಕೂತ್ಕೊಂಡ್ಳು, ಈಜ್ಲೇ ಇಲ್ಲ. ದಿನಾ ಅದೇ ಕಾಸ್ಟ್ಯೂಮಲ್ಲಿ ಕಿಲೋಮೀಟರ್‌ಗಟ್ಟಲೆ ಈಜೋ ಮಗು ಅದು.

ಈ ಗೋಳು ನಮ್ಮ ಮಕ್ಕಳಿಗೇ ಹೊಸದಾಗಿ ಬಂದಿರೋದಲ್ಲ, ದೊಡ್ಡೋರ ಈಜಿಗೇ ಇದು ತಲೆನೋವಾಗಿತ್ತು. 2008ರ ಫೆಬ್ರವರಿಲಿ ಸ್ಪೀಡೋ ಕಂಪನಿ ಎಲ್‌ಝಡ್‌ಆರ್ ರೇಸರ್ ಅಂತ ಸೂಟ್ ಬಿಡ್ತು. ಬಟ್ಟೆಯ ಟೆಸ್ಟಿಂಗ್‌ಗೆ ನಾಸಾದವರ ವಿಂಡ್ ಟನಲ್, ಪಾಲಿಯುರೆಥೇನ್ (ರಬ್ಬರ್ ಥರದ ಪ್ಲಾಸ್ಟಿಕ್) ಪ್ಯಾನೆಲ್‌ಗಳು, ಅಲ್ಟ್ರಾಸೌಂಡಲ್ಲಿ ಬೆಸೆದ ಸೀಮ್‌ಗಳು, ರೇಟು ಅಮೆರಿಕದಲ್ಲಿ 550 ಡಾಲರ್. ಆ ವರ್ಷ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಈಜಲ್ಲಿ ಬಿದ್ದ 25 ವಿಶ್ವದಾಖಲೆಗಳಲ್ಲಿ 23 ಈ ಸೂಟ್ ಹಾಕಿದೋರದ್ದು. ಇಟಲಿ ಕೋಚ್ ಆಲ್ಬರ್ಟೊ ಕಸ್ಟಾನೆಟ್ಟಿ ಇದನ್ನ ಟೆಕ್ನಾಲಜಿ ಡೋಪಿಂಗ್ ಅಂತ್ಲೇ ಕರೆದ್ರು. ಜಪಾನಲ್ಲಿ ಇನ್ನೂ ಮಜಾ, ಅವರ ಟೀಮ್‌ಗೆ ಮಿಝುನೊ, ಆಸಿಕ್ಸ್, ಡೆಸೆಂಟ್ ಅಂತ ತಮ್ಮ ದೇಶದ ಕಂಪನಿಗಳ ಜೊತೆ ಕಾಂಟ್ರ್ಯಾಕ್ಟ್ ಇತ್ತು, ಬೇರೆ ಸೂಟ್ ಹಾಕಂಗಿರ್ಲಿಲ್ಲ. ಜೂನ್‌ನಲ್ಲಿ ಕೊಸುಕೆ ಕಿಟಾಜಿಮಾ ಜಪಾನ್ ಓಪನ್‌ನಲ್ಲಿ ಎಲ್‌ಝಡ್‌ಆರ್ ಹಾಕ್ಕೊಂಡು 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನ 2:07.51ಕ್ಕೆ ಈಜಿ ವರ್ಲ್ಡ್ ರೆಕಾರ್ಡ್ ಮಾಡಿದ್ಮೇಲೆ ಫೆಡರೇಶನ್ನೇ ಬಗ್ಗಬೇಕಾಯ್ತು. ಅದೇ ಮೀಟಲ್ಲಿ ಆ ಮನುಷ್ಯ "ಈಜೋನು ನಾನು" ಅನ್ನೋ ಅರ್ಥದ ಟೀ ಶರ್ಟ್ ಹಾಕ್ಕೊಂಡು ಓಡಾಡ್ತಿದ್ದ, ಎಲ್ಲರೂ ಸೂಟ್ ಬಗ್ಗೇನೇ ಕೇಳ್ತಾರೆ, ನನ್ನ ಬಗ್ಗೆ ಯಾರೂ ಕೇಳಲ್ಲ ಅಂತ. ಒಲಿಂಪಿಕ್ ಚಾಂಪಿಯನ್ನಿಗೇ ಈ ಗತಿ.

ಮುಂದಿನ ವರ್ಷ 2009ರಲ್ಲಿ ರೋಮ್ ವರ್ಲ್ಡ್ ಚಾಂಪಿಯನ್‌ಶಿಪ್, ಅಲ್ಲಿಗೆ ಬೇರೆ ಕಂಪನಿಗಳೂ ಪೂರ್ತಿ ಪಾಲಿಯುರೆಥೇನ್ ಸೂಟ್ ತಂದ್ವು. ಒಳಗೆ ಗಾಳಿ ಹಿಡ್ಕೊಂಡು ಮೈ ತೇಲ್ಸುತ್ತೆ ಅನ್ನೋ ಮಟ್ಟಕ್ಕೆ ಹೋಗಿತ್ತು ವಿಷಯ. ಒಂದೇ ಮೀಟಲ್ಲಿ 43 ವಿಶ್ವದಾಖಲೆ! ಬೀಜಿಂಗ್‌ನಲ್ಲಿ 200 ಫ್ರೀಸ್ಟೈಲ್‌ನಲ್ಲಿ 1:46.00 ಈಜಿ ಐದನೇ ಸ್ಥಾನಕ್ಕೆ ಬಂದಿದ್ದ ಜರ್ಮನಿಯ ಪಾಲ್ ಬೀಡರ್‌ಮನ್ ಇಲ್ಲಿ ಅರೀನಾ ಕಂಪನಿಯ ಎಕ್ಸ್-ಗ್ಲೈಡ್ ಸೂಟ್ ಹಾಕ್ಕೊಂಡು 1:42.00ಕ್ಕೆ ಮುಟ್ಟಿದ, ಹಳೇ ಎಲ್‌ಝಡ್‌ಆರ್‌ನಲ್ಲಿದ್ದ ಮೈಕಲ್ ಫೆಲ್ಪ್ಸ್ ಒಂದು ಸೆಕೆಂಡಿಗೂ ಜಾಸ್ತಿ ಹಿಂದೆ. ಒಂದು ವರ್ಷದಲ್ಲಿ ನಾಲ್ಕು ಸೆಕೆಂಡ್, ಈಜು ಗೊತ್ತಿರೋರಿಗೆ ಅದೇನು ಅಂತ ಬಿಡಿಸಿ ಹೇಳ್ಬೇಕಾಗಿಲ್ಲ. ಬೀಡರ್‌ಮನ್ ಮರ್ಯಾದಸ್ಥ, ಸೂಟ್‌ನಿಂದ ನನಗೆ ಲಾಭ ಆಗಿದೆ, ಸೂಟ್ ಇಲ್ದೆ ಫೆಲ್ಪ್ಸ್‌ನ ಸೋಲಿಸೋ ಕಾಲ ಬರ್ಲಿ ಅಂತ ಅವನೇ ಹೇಳಿದ. ಫೆಲ್ಪ್ಸ್ ಕೋಚ್ ಬಾಬ್ ಬೋಮನ್ ಸಿಟ್ಟಾಗಿ, ಇದು ಸರಿಯಾಗೋವರೆಗೆ ನಮ್ಮ ಹುಡುಗನ್ನ ಇಂಟರ್‌ನ್ಯಾಷನಲ್ ಮೀಟ್‌ಗೆ ಕಳಿಸಲ್ಲ ಅನ್ನೋವರೆಗೂ ಹೋದ್ರು. ಅದೇ ರೋಮ್‌ನಲ್ಲಿ ಅಮೆರಿಕದ ರಿಕಿ ಬೆರೆನ್ಸ್ ಸೂಟ್ ರಿಲೇ ಹೀಟ್ಸ್‌ನಲ್ಲಿ ಹಿಂದುಗಡೆ ಹರ್ದು, ಹಂಗೇ ಈಜಿದ ಪಾಪ, ಇಡೀ ಪ್ರಪಂಚ ನೋಡ್ತು. ಇದೆಲ್ಲಾ ಆದ್ಮೇಲೆ ಆಗ ಫೀನಾ ಅಂತಿದ್ದ, ಈಗ ವರ್ಲ್ಡ್ ಅಕ್ವಾಟಿಕ್ಸ್ ಆಗಿರೋ ವಿಶ್ವ ಈಜು ಸಂಸ್ಥೆ 2010ರ ಜನವರಿ 1ರಿಂದ ಆ ಸೂಟ್‌ಗಳನ್ನ ಬ್ಯಾನ್ ಮಾಡ್ತು. ಬಟ್ಟೆಯೇ ಇರ್ಬೇಕು, ದಪ್ಪ 0.8 ಮಿಲಿಮೀಟರ್ ದಾಟಂಗಿಲ್ಲ, ಝಿಪ್ ಇಲ್ಲ, ಹುಡುಗರಿಗೆ ಸೊಂಟದಿಂದ ಮಂಡಿ, ಹುಡುಗೀರಿಗೆ ಭುಜದಿಂದ ಮಂಡಿ ಅಷ್ಟೇ.

ಆವಾಗ ಎಲ್ಲರೂ, ಇನ್ನು ಆ ರೆಕಾರ್ಡ್‌ಗಳನ್ನ ಯಾರೂ ಮುಟ್ಟಕ್ಕಾಗಲ್ಲ ಅಂದ್ರು. ಎಲ್ಲಾ ಅಲ್ಲದಿದ್ರೂ ಹೆಚ್ಚಿನವನ್ನ ಮುಟ್ಟಿದ್ರು. ಬ್ರೆಜಿಲ್‌ನ ಸೆಸಾರ್ ಸೀಲೋ ರೋಮ್‌ನಲ್ಲಿ ಮಾಡಿದ್ದ 100 ಫ್ರೀಸ್ಟೈಲ್ 46.91ನ್ನ 2022ರಲ್ಲಿ ಅದೇ ರೋಮ್‌ನಲ್ಲಿ ರೊಮೇನಿಯಾದ 17 ವರ್ಷದ ಡೇವಿಡ್ ಪೊಪೊವಿಚಿ ಬರೀ ಜಾಮರ್ ಹಾಕ್ಕೊಂಡು 46.86ಕ್ಕೆ ಇಳಿಸಿದ. ಬೀಡರ್‌ಮನ್ 400 ಫ್ರೀ ರೆಕಾರ್ಡ್ 3:40.07 ಹದಿನೈದು ವರ್ಷಕ್ಕೂ ಜಾಸ್ತಿ ನಿಂತಿತ್ತು, 2025ರ ಏಪ್ರಿಲಲ್ಲಿ ಅವರದ್ದೇ ದೇಶದ ಲೂಕಾಸ್ ಮೆರ್ಟೆನ್ಸ್ 3:39.96 ಈಜಿ ಮುರಿದ. ಗೋಡೆ ಹತ್ರ ತಿರುಗೋ ಟರ್ನ್, ನೀರೊಳಗಿನ ಡಾಲ್ಫಿನ್ ಕಿಕ್, ಟ್ರೇನಿಂಗ್ ಇವೆಲ್ಲಾ ಬೆಳೆದು ಬೆಳೆದು ಸೂಟ್ ಕೊಟ್ಟಿದ್ದನ್ನ ಮೈಯೇ ಹಿಂದಕ್ಕೆ ಹಾಕ್ತು.

ಆದ್ರೆ ಆ 2010ರ ರೂಲ್‌ನಲ್ಲಿ ಬಗೆಹರಿದಿದ್ದು ಮೆಟೀರಿಯಲ್ ಸಮಸ್ಯೆ, ರೇಟ್ ಸಮಸ್ಯೆ ಅಲ್ಲ. ಬಟ್ಟೆ ಅಂದ್ರೂ ಅದೇ ಬಟ್ಟೇಲಿ ಕಂಪನಿಗಳು ವರ್ಷಕ್ಕೊಂದು ಮಾಡೆಲ್ ತಂದು ಅದೇ ರೇಟ್‌ಗೆ ಮಾರ್ತಾನೇ ಇದಾವೆ. ದೊಡ್ಡ ಸ್ವಿಮ್ಮರ್‌ಗಳಿಗೆ ಸ್ಪಾನ್ಸರ್ ಕೊಡ್ತಾರೆ, ಫೆಡರೇಶನ್ ಕೊಡುತ್ತೆ. ಹತ್ತು ವರ್ಷದ ಮಗುವಿಗೆ ಸ್ಪಾನ್ಸರ್ ಯಾರು? ಅಪ್ಪ.

ಈಗ ಮುಖ್ಯ ವಿಷಯಕ್ಕೆ ಬರ್ತೀನಿ. ಹತ್ತು ವರ್ಷದ ಮಗುವಿಗೆ ಆ ಸೂಟ್‌ನಿಂದ ಸಿಗೋದಾದ್ರೂ ಏನು? ಒತ್ತಿ ಹಿಡಿಯೋಕೆ ಅಲ್ಲಿ ಮಾಂಸ ಎಲ್ಲಿದೆ ಸ್ವಾಮಿ. ಟೈಮ್‌ಕೀಪರ್ ಕುರ್ಚಿಯಿಂದ ನನಗೆ ಕಾಣೋದು ಬೇರೇನೇ. ಮಕ್ಕಳು ಹಾರುವಾಗ ತಲೆ ಎತ್ತಿ ಹೊಟ್ಟೆ ಮೇಲೆ ಬೀಳ್ತಾವೆ, ಅಲ್ಲೇ ಅರ್ಧ ಸೆಕೆಂಡ್ ಹೋಯ್ತು. ಗಾಗಲ್ಸ್ ಜಾರಿ ಕತ್ತಿಗೆ ಬರುತ್ತೆ. ಟರ್ನ್ ಆದ್ಮೇಲೆ ಕೈ ಜೋಡಿಸಿ ಸ್ಟ್ರೀಮ್‌ಲೈನ್ ಮಾಡ್ದೆ ತಕ್ಷಣ ಉಸಿರು ತಗೊಳ್ಳೋಕೆ ಮೇಲೆ ಬಂದ್ಬಿಡ್ತಾವೆ. ಕೊನೇ ಐದು ಮೀಟರ್‌ನಲ್ಲಿ ಪಕ್ಕದ ಲೇನ್ ಕಡೆ ತಿರುಗಿ ನೋಡ್ತಾವೆ, ಗೋಡೆ ಮುಟ್ಟೋ ಮುಂಚೆ ಗ್ಲೈಡ್ ಮಾಡ್ತಾವೆ. ಕೈ ಟೈಮಿಂಗ್ ಇರೋ ಮೀಟಲ್ಲಿ ಒಂದೇ ಲೇನ್‌ಗೆ ಕೂತ ನಾನು ಮತ್ತೆ ಪಕ್ಕದವ್ರು ಒತ್ತಿದ ವಾಚ್‌ಗಳಲ್ಲೇ ಒಂದು ಸೆಕೆಂಡಿನ ಹತ್ತರಲ್ಲಿ ಎರಡು ಭಾಗದಷ್ಟು ವ್ಯತ್ಯಾಸ ಬರೋದು ಮಾಮೂಲು. ಅಷ್ಟಕ್ಕಾಗಿ ಇಪ್ಪತ್ತು ಸಾವಿರ ಸುರಿಯೋದಾ? ಒಂದು ಸಂಜೆ ಬರೀ ಸ್ಟಾರ್ಟು ಟರ್ನು ಮಾಡಿಸಿದ್ರೆ ಅದಕ್ಕಿಂತ ಜಾಸ್ತಿ ಟೈಮ್ ಇಳಿಯುತ್ತೆ, ಯಾವ ಕೋಚ್‌ನ ಕೇಳಿದ್ರೂ ಇದನ್ನೇ ಹೇಳ್ತಾರೆ, ಆದ್ರೂ ಮೀಟ್ ಹಿಂದಿನ ವಾರ ಪೇರೆಂಟ್ಸ್ ಕೇಳಿದಾಗ "ಕೊಡ್ಸಿ, ಒಳ್ಳೇದೇ" ಅಂದ್ಬಿಡ್ತಾರೆ, ಯಾಕಂದ್ರೆ ಬೇಡ ಅಂದು ಮಗು ಸೋತ್ರೆ ಅವರ ತಲೆಗೆ ಬರುತ್ತೆ.

ಇನ್ನೊಂದು, ಎಲ್ಲರೂ ಹಾಕ್ಕೊಂಡ ದಿನ ಆ ಚೂರು ಲಾಭಾನೂ ಸೊನ್ನೆ. ಎಂಟು ಲೇನ್‌ನಲ್ಲಿ ಎಂಟೂ ಟೆಕ್ ಸೂಟ್ ಇದ್ರೆ ಮೊದಲು ಬರ್ತಿದ್ದ ಮಗು ಮೊದಲೇ, ಎಂಟನೇದು ಎಂಟನೇದೇ, ಎಂಟು ಮನೆಯ ದುಡ್ಡು ಮಾತ್ರ ಹೋಯ್ತು. ಒಂದಿಬ್ಬರು ಹಾಕಿ ಉಳಿದೋರು ಹಾಕ್ದೇ ಇದ್ರೆ ಅನ್ಯಾಯ, ಎಲ್ಲರೂ ಹಾಕಿದ್ರೆ ದಂಡ.

ಇನ್ನು ಕಾಲ್ ರೂಮ್, ಅಂದ್ರೆ ರೇಸ್‌ಗೆ ಮುಂಚೆ ಮಕ್ಕಳನ್ನ ಕೂರಿಸೋ ಜಾಗ, ಅದರ ಕಥೆ. ಸಾಲಾಗಿ ಪ್ಲಾಸ್ಟಿಕ್ ಚೇರಲ್ಲಿ ಮಕ್ಕಳು ಕೂತಿರ್ತಾವೆ ಹೀಟ್ ಪ್ರಕಾರ. ಅಲ್ಲಿ ಅವು ಒಬ್ಬರ ಮುಖ ಒಬ್ಬರು ನೋಡಲ್ಲ, ತೊಡೆ ನೋಡ್ತಾವೆ. ಒಬ್ಬ ಹುಡುಗ ಸಣ್ಣ ಊರಿಂದ ಬಂದಿದ್ದ, ಮೊದಲು ಕೆರೇಲಿ ಕಲಿತು ಆಮೇಲೆ ಪೂಲ್‌ಗೆ ಬಂದೋನು, ಬಣ್ಣ ಹೋಗಿರೋ ಜಾಮರ್, ಕೈ ಮಾತ್ರ ದೋಣಿಗೆ ಹುಟ್ಟು ಹಾಕಿದಂಗೆ. ಪಕ್ಕದವನ ಸೂಟ್ ನೋಡಿ ನನ್ನ ಕಡೆ ತಿರುಗಿ, "ಆಂಟಿ, ಅವ್ನು ಕಾರ್ಬನ್ ಹಾಕವ್ನೆ, ಬಿಡಿ" ಅಂದ. ಕಾರ್ಬನ್ ಅಂದ್ರೆ ಟೆಕ್ ಸೂಟ್‌ನ ಒಂದು ಮಾಡೆಲ್, ಬಿಡಿ ಅಂದ್ರೆ, ಮುಗೀತು ಅಂತ. ಇನ್ನೂ ವಿಸಿಲ್ ಆಗಿಲ್ಲ, ಬ್ಲಾಕ್ ಹತ್ತಿಲ್ಲ. ನಾನು ಏನೋ ಧೈರ್ಯ ಹೇಳಿ ಕಳಿಸ್ದೆ, ಮೂರನೇವ್ನಾಗಿ ಬಂದ, ಸೂಟ್ ಇದ್ದಿದ್ರೆ ಮೊದಲು ಬರ್ತಿದ್ನೇನೋ ಅಂತ ಅವನ ಮಾವ ಇಡೀ ದಿನ ಹಲುಬ್ತಿದ್ರು. ಬರ್ತಿರ್ಲಿಲ್ಲ, ಅವನ ಟರ್ನ್ ಕೆಟ್ಟದಾಗಿತ್ತು, ನಾನೇ ನೋಡಿದೀನಿ. ಆದ್ರೆ ಆ ಮನೆಯೋರು ಊರಿಗೆ ತಗೊಂಡು ಹೋಗಿದ್ದು ಟರ್ನ್ ಸರಿ ಮಾಡ್ಬೇಕು ಅನ್ನೋದನ್ನಲ್ಲ, ಸೂಟ್ ಇಲ್ಲ ಅನ್ನೋದನ್ನ.

ಇದಕ್ಕೆ ಏನೇನು ಉತ್ತರ ಬರುತ್ತೆ ಅಂತ ಗೊತ್ತು. "ದುಡ್ಡಿರೋರು ಒಳ್ಳೆ ಕೋಚ್ ಇಟ್ಕೋತಾರೆ, ಫಿಸಿಯೋ ಇಟ್ಕೋತಾರೆ, ಅದನ್ನೂ ಬ್ಯಾನ್ ಮಾಡ್ತೀರಾ?" ಇಲ್ಲ. ಕೋಚ್ ಕಲಿಸಿದ್ದು ಮಗುವಿನ ಮೈಯಲ್ಲಿ ಉಳಿಯುತ್ತೆ, ಇದು ಹತ್ತು ರೇಸ್‌ಗೆ ಕಸದ ಬುಟ್ಟಿಗೆ ಹೋಗುತ್ತೆ. ಎಲ್ಲಾ ಅಸಮಾನತೆ ತೆಗೀರಿ ಅಂತ ನಾನು ಕೇಳ್ತಿಲ್ಲ, ಒಂದು ಸಾಲಲ್ಲಿ ತೆಗೀಬಹುದಾದ್ದನ್ನ ತೆಗೀರಿ ಅಂತಿದೀನಿ.

"ಹಾಕ್ಕೊಂಡ್ರೆ ಕಾನ್ಫಿಡೆನ್ಸ್ ಬರುತ್ತೆ" ಅಂತಾರೆ. ಬರುತ್ತೆ, ಆ ಸೀಮ್ ಹರಿದ ಹುಡುಗಿ ಕಾನ್ಫಿಡೆನ್ಸ್ ಎಲ್ಲಿಗೆ ಹೋಯ್ತು ಅಂತ ಮೇಲೆ ಬರೆದಿದೀನಿ. ಸೂಟ್ ಇಲ್ದೆ ಈಜಿ ಗೆಲ್ಲೋ ಅಭ್ಯಾಸ ಆಗಿರೋ ಮಗು ಹದಿನೈದಕ್ಕೆ ಮೊದಲನೇ ಸಲ ಟೆಕ್ ಸೂಟ್ ಹಾಕಿದ್ರೆ ಅದಕ್ಕೆ ಏನೋ ಹೊಸದು ಸಿಗುತ್ತೆ. ಒಂಬತ್ತಕ್ಕೇ ಹಾಕಿಸಿಬಿಟ್ರೆ ಆಮೇಲೆ ಕೊಡೋಕೆ ಏನು ಉಳೀತು?

ಹೆಣ್ಮಕ್ಕಳ ಮನೆಯೋರದ್ದು ಬೇರೆ ಮಾತು, "ಮಂಡಿವರೆಗೆ ಮುಚ್ಚೋದು ಇರ್ಲಿ ನಮಗೆ" ಅಂತ. ಇದು ನ್ಯಾಯವಾದ ಮಾತು, ಇದರಲ್ಲಿ ರಾಜಿ ಬೇಕಾಗಿಲ್ಲ. ಮಂಡಿವರೆಗೆ ಬರೋ ಮಾಮೂಲಿ ಹೊಲಿಗೆ ಕಾಸ್ಟ್ಯೂಮ್ ಸಾವಿರ ಎರಡು ಸಾವಿರಕ್ಕೆ ಸಿಗುತ್ತೆ, ಅದನ್ನ ಯಾರೂ ಬೇಡ ಅನ್ನಂಗಿಲ್ಲ. ಉದ್ದ ಸಮಸ್ಯೆ ಅಲ್ಲ, ಅಂಟಿಸಿರೋ ಸೀಮೂ ನೇಯ್ಗೆ ಬಟ್ಟೇನೂ ಸಮಸ್ಯೆ.

ಇದು ನಾನು ತಲೆ ಓಡಿಸಿ ಕಂಡುಹಿಡಿದಿದ್ದೇನಲ್ಲ. ಸೂಟ್ ಮಾರ್ಕೆಟ್ಟೇ ಇರೋ ಅಮೆರಿಕದಲ್ಲಿ ಯುಎಸ್‌ಎ ಸ್ವಿಮ್ಮಿಂಗ್ ಸಂಸ್ಥೆ 2018ರಲ್ಲಿ ತೀರ್ಮಾನ ಮಾಡಿ 2020ರ ಸೆಪ್ಟೆಂಬರ್ 1ರಿಂದ 12 ಮತ್ತು ಅದಕ್ಕಿಂತ ಚಿಕ್ಕೋರಿಗೆ ಟೆಕ್ ಸೂಟ್ ನಿಲ್ಲಿಸ್ತು, ಜೂನಿಯರ್ ನ್ಯಾಷನಲ್ಸ್ ಥರ ಮೇಲಿನ ಹಂತದ ಮೀಟ್‌ಗಳಿಗೆ ಮಾತ್ರ ವಿನಾಯ್ತಿ. ಎರಡು ವರ್ಷ ಟೈಮ್ ಕೊಟ್ಟಿದ್ದೂ ಒಳ್ಳೇದಾಯ್ತು, ಆಗ್ಲೇ ಕೊಂಡಿದ್ದೋರ ಸೂಟ್ ಅಷ್ಟರಲ್ಲಿ ಸವೆದೋ ಚಿಕ್ಕದಾಗೋ ಹೋಗಿರುತ್ತೆ. ಅವರ ಡೆಫಿನಿಶನ್ ಸರಳ: ಸೀಮ್ ಅಂಟಿಸಿರೋ ಅಥವಾ ಟೇಪ್ ಹಾಕಿರೋ ಸೂಟ್ ಯಾವುದೂ ಬೇಡ, ಸೊಂಟದಿಂದ ಕೆಳಗೆ ಇಳಿಯೋ ನೇಯ್ಗೆ ಬಟ್ಟೆ ಸೂಟೂ ಬೇಡ. ಹೆಣಿಗೆ ಬಟ್ಟೆ (ಪ್ರಾಕ್ಟೀಸ್ ಕಾಸ್ಟ್ಯೂಮ್ ಥರ ಹಿಗ್ಗೋದು), ದಾರದ ಹೊಲಿಗೆ ಇದ್ರೆ ಮಂಡಿವರೆಗೆ ಇದ್ರೂ ಓಕೆ.

"ಚೆಕ್ ಮಾಡೋದು ಯಾರು, ಎಲ್ಲಾ ಬ್ರ್ಯಾಂಡ್ ಲಿಸ್ಟ್ ಇಟ್ಕೊಂಡು ಕೂರಕ್ಕಾಗುತ್ತಾ" ಅಂದ್ರೆ, ಲಿಸ್ಟ್ ಬೇಕಾಗಿಲ್ಲ. ಕಾಲ್ ರೂಮಲ್ಲಿ ಹೆಸರು ಕೂಗೋ ಮಾರ್ಷಲ್ ಹೆಂಗೂ ಎಲ್ಲರನ್ನೂ ಒಂದ್ಸಲ ನೋಡ್ತಾರೆ. ತೊಡೆ ಪಕ್ಕದ ಸೀಮ್ ನೋಡಿದ್ರೆ ಸಾಕು, ದಾರ ಕಂಡ್ರೆ ಹೊಲಿಗೆ, ದಾರ ಇಲ್ದೆ ನುಣ್ಣಗೆ ಪಟ್ಟಿ ಇದ್ರೆ ಅಂಟಿಸಿರೋದು. ಬಟ್ಟೆ ಅಂಗಡೀಲಿ ಐದು ನಿಮಿಷ ನಿಂತಿರೋ ಯಾರಿಗಾದ್ರೂ ಗೊತ್ತಾಗುತ್ತೆ. ಮೊದಲ ವರ್ಷ ಯಾರನ್ನೂ ಡಿಸ್‌ಕ್ವಾಲಿಫೈ ಮಾಡ್ಬೇಡಿ, ಮಗು ತಪ್ಪಲ್ಲ ಅದು, ಬೇರೆ ಕಾಸ್ಟ್ಯೂಮ್ ಹಾಕ್ಕೊಂಡು ಬಾ ಅಂತ ಕಳಿಸಿ, ಇಲ್ಲದಿದ್ರೆ ಎಕ್ಸಿಬಿಷನ್ ಸ್ವಿಮ್ ಅಂತ ಈಜಿಸಿ, ಟೈಮ್ ಬರ್ಕೊಳ್ಳಿ, ಮೆಡಲ್ ಮಾತ್ರ ಬೇಡ.

ಒಂದು ಕಷ್ಟ ಇದೆ, ಅದನ್ನ ಮುಚ್ಚಿಡಲ್ಲ. ಒಂದು ಜಿಲ್ಲೆಯೋರು ಮಾಡಿ ಪಕ್ಕದ ಜಿಲ್ಲೆಯೋರು ಮಾಡ್ಲಿಲ್ಲ ಅಂದ್ರೆ, ಅಥವಾ ಇಲ್ಲಿ ಬೇಡ ಅಂದು ನ್ಯಾಷನಲ್ಸ್‌ನಲ್ಲಿ ಬೇರೆ ರಾಜ್ಯದ ಮಕ್ಕಳು ಹಾಕ್ಕೊಂಡು ಬಂದ್ರೆ, ನಮ್ಮ ಪೇರೆಂಟ್ಸ್ ಸುಮ್ನಿರಲ್ಲ. ಅದಕ್ಕೇ ಅಮೆರಿಕದ ಥರ ಮೇಲಿನ ಮೀಟ್‌ಗೆ ವಿನಾಯ್ತಿ ಇಟ್ಕೊಂಡು ಕೆಳಗಿಂದ ಶುರು ಮಾಡಿ ಅಂತಿರೋದು. ಚಿಕ್ಕ ಮಕ್ಕಳ ರೇಸ್‌ಗಳಲ್ಲಿ ಜಾಸ್ತಿ ನಡೆಯೋದೇ ಕ್ಲಬ್, ಇಂಟರ್‌ಸ್ಕೂಲ್, ಜಿಲ್ಲಾ ಮಟ್ಟದಲ್ಲಿ, ಅಲ್ಲಿ ಯಾರ ಒಪ್ಪಿಗೆಗೂ ಕಾಯ್ಬೇಕಾಗಿಲ್ಲ. ನಿಶಾ ಮಿಲ್ಲೆಟ್, ಶಿಖಾ ಟಂಡನ್, ಶ್ರೀಹರಿ ನಟರಾಜ್, ಹದಿನಾಲ್ಕಕ್ಕೇ ಪ್ಯಾರಿಸ್ ಒಲಿಂಪಿಕ್ಸ್‌ಗೆ ಹೋದ ಧಿನಿಧಿ ದೇಸಿಂಗು, ಇಷ್ಟು ಜನ ಬೆಂಗಳೂರಿನ ಪೂಲ್‌ಗಳಿಂದ ಒಲಿಂಪಿಕ್ಸ್ ತನಕ ಹೋಗಿದಾರೆ. ದೇಶದ ಈಜಲ್ಲಿ ಕರ್ನಾಟಕ ಮಾಡಿದ್ದನ್ನ ಉಳಿದೋರು ನೋಡ್ತಾರೆ, ಮೊದಲು ನಾವೇ ಮಾಡಿದ್ರೆ ಏನಾಗುತ್ತೆ.

ಬರೆಯೋಕೆ ಟೈಮ್ ಇಲ್ಲ ಅನ್ನೋರಿಗೆ ಸರ್ಕ್ಯುಲರ್‌ಗೆ ಹಾಕೋ ಸಾಲೂ ನಾನೇ ಕೊಟ್ಟಿರ್ತೀನಿ, ಹಂಗೇ ಕಾಪಿ ಮಾಡ್ಕೊಳ್ಳಿ: "12 ವರ್ಷ ಮತ್ತು ಅದಕ್ಕಿಂತ ಕಿರಿಯ ಸ್ಪರ್ಧಿಗಳು ಅಂಟಿಸಿದ ಅಥವಾ ಟೇಪ್ ಹಾಕಿದ ಸೀಮ್ ಇರುವ ಈಜುಡುಗೆ, ಸೊಂಟದಿಂದ ಕೆಳಗೆ ಬರುವ ನೇಯ್ಗೆ ಬಟ್ಟೆಯ ಈಜುಡುಗೆ ಧರಿಸುವಂತಿಲ್ಲ. ಮಂಡಿವರೆಗಿನ ಸಾಮಾನ್ಯ ಹೊಲಿಗೆಯ ಹೆಣಿಗೆ ಬಟ್ಟೆಯ ಈಜುಡುಗೆಗೆ ಅಡ್ಡಿಯಿಲ್ಲ." ಮೈಸೂರು ಕಡೆ ಮೀಟ್ ಇದ್ದು ಸೀಮ್ ನೋಡೋಕೆ ಜನ ಕಮ್ಮಿ ಬಿದ್ರೆ ಹೇಳಿ ಕಳಿಸಿ, ಕಾಲ್ ರೂಮ್ ಬಾಗಿಲಲ್ಲಿ ನಾನೇ ನಿಲ್ತೀನಿ, ಮಧ್ಯಾಹ್ನದ ಊಟದ ಪ್ಯಾಕೆಟ್ ಮಾತ್ರ ಮರೀಬೇಡಿ.

ಇಂತಿ,
ಮೈಸೂರಿನ ಒಬ್ಬಳು ಟೈಮ್‌ಕೀಪರ್